ಬಂಡೆ ಬಿದ್ದ ಸಂಜೆ

ಅಳತೆ ಕೊಡುವಾಗ ಉಸಿರಾಡಬಾರದು ಅಂತ ಯಾವ ಟೈಲರೂ ಹೇಳುವುದಿಲ್ಲ. ಇವಳೇ ಉಸಿರು ಬಿಗಿಹಿಡಿದು ನಿಂತಿದ್ದಳು.

"ಭುಜ ಸಡಿಲ ಬಿಡು. ನಾನೇನೂ ನಿನ್ನ ಎತ್ತಿ ಹಾಕಲ್ಲ," ಅಂದ ಟೈಲರ್, ಅವಳ ತೋಳಿನುದ್ದಕ್ಕೂ ಟೇಪ್ ಇಳಿಸುತ್ತಾ.

"ಹಾಕೋಕೆ ಬಂದರೆ ತಾನೆ?"

ಅವನು ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಕಿರಿದಾಗುತ್ತಿತ್ತು. ಅದನ್ನು ನೋಡೋಕೆ ಅಂತಲೇ ಅವಳು ದಿನಾ ಅವನನ್ನು ಕೆಣಕುತ್ತಿದ್ದಳು.

ಜೂಡೋ ಹಾಲ್‌ನಲ್ಲಿ ಅವಳ ಹೆಸರು ಬಂಡೆ. ಮಾಸ್ಟರ್ ಮಗಳು, ಅವಳನ್ನು ಬೀಳಿಸಿದವರನ್ನು ಯಾರೂ ಕಂಡಿರಲಿಲ್ಲ. ಟೈಲರ್ ಹಗಲೆಲ್ಲ ಅಂಗಡಿಯಲ್ಲಿ ಹೊಲಿದು ಸಂಜೆ ಅಲ್ಲಿಗೆ ಬರುತ್ತಿದ್ದ. ಎಲ್ಲರಿಗೂ ದಪ್ಪ ಬಟ್ಟೆಯ ಜಾಕೆಟ್ ಹೊಲಿದುಕೊಡುವವನೂ ಅವನೇ, ಎಲ್ಲರ ಕೈಲೂ ಬೀಳುವವನೂ ಅವನೇ.

"ಹೊಸ ಪಟ್ಟು ಕಟ್ಟಿದ್ದೀನಿ. ನಾಳೆ ನಿನ್ನ ಮೇಲೆ ನೋಡ್ತೀನಿ," ಅಂದ ಟೇಪ್ ಸುತ್ತುತ್ತಾ. "ಅದೂ ಆಗಲಿಲ್ಲ ಅಂದ್ರೆ ಈ ಹಾಲ್‌ಗೆ ದೊಡ್ಡ ನಮಸ್ಕಾರ."

ಅವಳ ಎದೆ ಧಸಕ್ಕೆಂದಿತು. ಬಾಯಿ ಸುಮ್ಮನಿರಬೇಕಲ್ಲ. "ಸದ್ಯ, ಮ್ಯಾಟ್‌ಗೂ ರೆಸ್ಟ್ ಸಿಗುತ್ತೆ," ಅಂದಳು.

ಆ ಹಾಲ್‌ನಲ್ಲಿ ಒಂದು ಕಟ್ಟುನಿಟ್ಟಿನ ನಿಯಮ. ಹೊಸ ಪಟ್ಟನ್ನು ಯಾರೇ ಕಟ್ಟಲಿ, ಮೊದಲು ಬಂಡೆಯ ಮೇಲೆ ಪೂರ್ತಿ ಬಲದಿಂದ ಹಾಕಿ ನೋಡಬೇಕು. ಬಿದ್ದರೆ ಅವಳು ತನ್ನ ಬಾಯಿಂದಲೇ "ನಡೆಯುತ್ತೆ" ಅನ್ನಬೇಕು. ಆಮೇಲಷ್ಟೇ ಅದನ್ನು ಪಂದ್ಯಕ್ಕೆ ಒಯ್ಯಬಹುದು. ಆ ಮಾತಿನಲ್ಲಿ ಮುಲಾಜು ಇರಕೂಡದು ಅಂತ ಮಾಸ್ಟರ್ ಹೇಳಿ ಹೇಳಿ ಸಾಕಾಗಿದ್ದರು.

ಮರುದಿನ ಟೈಲರ್ ಅವಳ ತೋಳು ಹಿಡಿದೆಳೆದು, ಬೆನ್ನು ಕೊಟ್ಟು ತಿರುಗಿದ. ತಿರುಗುವಾಗ ಅವನ ಬಲ ಮೊಣಕೈ ಹೊರಗೇ ಉಳಿಯಿತು. ಅದನ್ನು ಅಮುಕಿ ಹಿಡಿದು ಮೈಭಾರ ಬಿಟ್ಟರೆ ಪಟ್ಟು ಕೆಡುವುದಿರಲಿ, ಕೈಯೇ ಮುರಿಯುತ್ತದೆ. ಅವಳಿಗೆ ಕಂಡಿತು. ಕೈ ಅಲ್ಲಿಯವರೆಗೆ ಹೋಯಿತು ಕೂಡ. ಅಷ್ಟರಲ್ಲಿ, ನಾಳೆಯಿಂದ ಇವನು ಬರುವುದಿಲ್ಲ ಅನ್ನುವುದು ನೆನಪಾಯಿತು. ಕೈ ಹಿಂದೆ ತೆಗೆದುಕೊಂಡಳು.

ಬಂಡೆ ದಬ್ಬೆಂದು ಬಿತ್ತು.

"ಮ್ಯಾಟ್ ಜಾರ್ತಿತ್ತೇನಮ್ಮಾ?" ಅಪ್ಪ ಹುಬ್ಬು ಗಂಟಿಕ್ಕಿದರು.

"ಇಲ್ಲಪ್ಪಾ. ನಡೆಯುತ್ತೆ."

ಮೇಲಿಂದ ಬಗ್ಗಿ ನೋಡುತ್ತಿದ್ದವನ ಎಡಗಣ್ಣು ನಗುವಿನಲ್ಲಿ ಮುಚ್ಚಿಯೇ ಹೋಗಿತ್ತು. ಹುಚ್ಚು ಹುಡುಗಿ, ಜಗತ್ತೇ ಸಿಕ್ಕಿತು ಅಂದುಕೊಂಡಳು. ಮೊಣಕೈಯ ವಿಷಯ ನಿಧಾನಕ್ಕೆ ತಿದ್ದಿದರಾಯಿತು, ಅವಸರವೇನು? ಆದರೆ ದಿನಾ ಅವನು ಎದೆಯುಬ್ಬಿಸಿಕೊಂಡು ಬರುತ್ತಿದ್ದ. ಆ ಖುಷಿಗೆ ಕಲ್ಲು ಹಾಕಲು ಅವಳಿಗೆ ಮನಸ್ಸಾಗಲಿಲ್ಲ. ಪಂದ್ಯದ ದಿನ ಬಂದೇಬಿಟ್ಟಿತು.

ಎದುರಾಳಿ ಒಬ್ಬ ಬಸ್ ಕಂಡಕ್ಟರ್, ಪಳಗಿದ ಆಸಾಮಿ. ಟೈಲರ್ ತಿರುಗಿದ. ಮೊಣಕೈ ಹೊರಗುಳಿಯಿತು. ಅವಳ ಕೈ ಅವತ್ತು ಮಾಡದೆ ಬಿಟ್ಟದ್ದನ್ನು ಕಂಡಕ್ಟರ್ ಮಾಡಿ ಮುಗಿಸಿದ. ಮೂಳೆ ಮುರಿದ ಸದ್ದು ಕೊನೆಯ ಸಾಲಿಗೂ ಕೇಳಿಸಿತು.

ಪ್ಲಾಸ್ಟರ್ ಬಿಚ್ಚಿದ ಮೇಲೂ ಆ ಕೈ ನೆಟ್ಟಗಾಗಲಿಲ್ಲ. ಕತ್ತರಿ ಹಿಡಿದರೆ ಬೆರಳು ಮರಗಟ್ಟುತ್ತಿತ್ತು. ಅಂಗಡಿಯ ಶಟರ್ ಕಾಯಂ ಆಗಿ ಎಳೆದವನು ಒಂದು ಮಧ್ಯಾಹ್ನ ಹಾಲ್‌ಗೆ ಬಂದ. ಅವಳೊಬ್ಬಳೇ ಮ್ಯಾಟ್ ಒರೆಸುತ್ತಿದ್ದಳು. ಅವನ ಕೈಯಲ್ಲೊಂದು ಚೀಲ.

"ನಿನ್ನ ಮೇಲೆ ನಡೆದಿದ್ದು ಅವನ ಮೇಲೆ ಯಾಕೆ ನಡೀಲಿಲ್ಲ? ತಲೆ ಕೆಟ್ಟುಹೋಗಿದೆ ನಂಗೆ," ಅಂದ. "ನಿಧಾನಕ್ಕೆ ಹಾಕ್ತೀನಿ. ನೋಡಿ ಹೇಳು."

ಬೇಡ ಅನ್ನುವಷ್ಟರಲ್ಲಿ ಅವನು ಬೆನ್ನು ಕೊಟ್ಟು ತಿರುಗಿದ್ದ. ಅವಳ ಕೈ ಅವಳನ್ನು ಕೇಳದೆಯೇ ಹೋಗಿ ಆ ಸೊಟ್ಟ ಮೊಣಕೈಯನ್ನು ಹಿಡಿಯಿತು.

ಇಬ್ಬರೂ ಹಾಗೇ ನಿಂತರು.

"ಎಷ್ಟು ಬೇಗ ಹೋಯ್ತು ಕೈ," ಅಂದ ಅವನು, ತಿರುಗದೆ. "ಅವತ್ತೂ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ಯಾಕೆ ಬಿದ್ದೆ?"

"ನೀನು ಹೊರಟುಹೋಗ್ತೀನಿ ಅಂದೆಯಲ್ಲ." ಅವಳು ಮೊಣಕೈ ಬಿಟ್ಟಳು. "ನೀನಂದ್ರೆ ಪ್ರಾಣ ನಂಗೆ."

ಅವನು ತಿರುಗಿ ಅವಳನ್ನು ತುಂಬಾ ಹೊತ್ತು ನೋಡಿದ. ಇಷ್ಟು ದಿನ ಅವಳು ಕಾದಿದ್ದ ನೋಟ ಅದೇ, ಆದರೆ ಎಡಗಣ್ಣು ಕಿರಿದಾಗಲಿಲ್ಲ.

"ಸುಮ್ನೆ ಬಾಯಿಮಾತಿಗೆ ಅಂದಿದ್ದು ಕಣೆ. ನಾನೆಲ್ಲಿಗೆ ಹೋಗ್ತಿದ್ದೆ? ನಿನ್ನ ಕೈಲಿ ಬೀಳೋಕೆ ಅಂತ ತಾನೆ ದಿನಾ ಬರ್ತಿದ್ದಿದ್ದು."

ಅವಳು ಮ್ಯಾಟ್ ಮೇಲೆ ಕುಸಿದು ಕೂತಳು. ಇದು ನಿಜವಾದ ಬೀಳುವಿಕೆ.

ಅವನು ಚೀಲದಿಂದ ಜಾಕೆಟ್ ತೆಗೆದು ಅವಳ ಮಡಿಲಿಗಿಟ್ಟ. ಅವತ್ತು ಅಳತೆ ತೆಗೆದದ್ದು. ಕಾಲರ್‌ಗೆ ಎರಡೆರಡು ಹೊಲಿಗೆ, ಕುತ್ತಿಗೆಗೆ ಒತ್ತದಂತೆ ಒಳಗೆ ಮೆತ್ತನೆ ಪಟ್ಟಿ. ಹಾಲ್‌ನಲ್ಲಿ ಬೇರೆ ಯಾರಿಗೂ ಅವನು ಹಾಗೆ ಹೊಲಿದಿರಲಿಲ್ಲ.

"ಒಂದು ತೋಳು ಬಾಕಿ ಇದೆ," ಅಂದ. "ಬೇರೆ ಯಾರ ಹತ್ರನಾದ್ರೂ ಹಾಕಿಸ್ಕೋ."

"ನಾನೇ ಕಲ್ತು ಹಾಕ್ತೀನಿ. ನೀನು ಪಕ್ಕದಲ್ಲಿ ಕೂತು ಹೇಳ್ಕೊಡು. ಸಾಯೋವರೆಗೂ ಹೇಳ್ಕೊಡು."

ಅವನು ಬಾಗಿಲವರೆಗೆ ಹೋಗಿ ನಿಂತ.

"ನೀನು ಹೆಂಗೆ ಹೊಲಿದ್ರೂ ಚೆನ್ನಾಗಿದೆ ಅಂದುಬಿಡ್ತೀನಿ ಕಣೆ, ನೀನು ನಡೆಯುತ್ತೆ ಅಂದ ಹಾಗೆ. ನಂಗೂ ಅಷ್ಟೇ ಪ್ರೀತಿ ಇದೆ. ಅದಕ್ಕೇ ಹೋಗ್ತಿರೋದು."

ಬಾಗಿಲನ್ನು ಎಡಗೈಯಿಂದ ಎಳೆದುಕೊಂಡು ಹೋದ. ಅವಳು ಜಾಕೆಟ್ ತೊಟ್ಟುಕೊಂಡಳು. ಹೊಲಿದಷ್ಟೂ ಮೈಗೆ ಸರಿಯಾಗಿತ್ತು.