ಹೂಂ ಅನ್ನುವ ಅಣ್ಣ

“ನ್ಯಾಯಾಧೀಶರು ಅಂದ್ರೆ ಯಾರು?” ಡಾಕ್ಟರ್ ಕೇಳಿದರು.

“ಎರಡೂ ಕಡೆಯವರ ಮಾತು ಕೇಳಿ ತೀರ್ಪು ಕೊಡುವವರು.” ಅಣ್ಣ ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸಿದ.

ಮೂಲೆಯ ಸ್ಟೂಲಿನ ಮೇಲಿದ್ದ ಪುಟ್ಟಿಗೆ ಸಮಾಧಾನವಾಯಿತು. ಅವಳು ಐದನೇ ಕ್ಲಾಸು, ಅಣ್ಣನಿಗೆ ಹದಿನಾಲ್ಕು. ಆದರೂ ಕೂರಿಸಿಕೊಂಡು ಉರು ಹೊಡೆಸಿದವಳು ಅವಳೇ.

ಶಾಲೆಯ ಸ್ಟೋರ್ ರೂಮಿಗೆ ಬೆಂಕಿ ಬಿದ್ದಾಗ ಉಳಿದ ಹುಡುಗರು ಕಾಲಿಗೆ ಬುದ್ಧಿ ಹೇಳಿದ್ದರು. ಅಣ್ಣ ನೋಡುತ್ತಾ ನಿಂತಿದ್ದ. ನೀನೇನಾ ಹಚ್ಚಿದ್ದು ಎಂದು ವಾಚ್‌ಮ್ಯಾನ್ ಕೇಳಿದರೆ ಹೂಂ ಅಂದುಬಿಟ್ಟ. ಈಗ ಮಕ್ಕಳ ಕೋರ್ಟಿನಲ್ಲಿ ಕೇಸು. ಅಲ್ಲಿ ನಡೆಯುವುದು ಅವನಿಗೆ ಅರ್ಥವಾಗುತ್ತದೆಯೇ ಎಂದು ಈ ಡಾಕ್ಟರ್ ನೋಡಿ ಹೇಳಬೇಕು. ಟೆಸ್ಟ್ ಅಂದಮೇಲೆ ಪಾಸಾಗಬೇಕು, ಪಾಸಾದರೆ ಬಿಟ್ಟುಬಿಡುತ್ತಾರೆ ಎಂದುಕೊಂಡಿದ್ದಳು ಪುಟ್ಟಿ.

ಅಮ್ಮ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಈಚೆಗೆ ಅವಳಿಗೆ ಮಾತೇ ಬೇಡವಾಗಿತ್ತು. ಬೆಳಿಗ್ಗೆ ಅಣ್ಣನ ಕಾಲಿಗೆ ಮಾವನ ಮಗನ ಬೂಟು ತೊಡಿಸಿ, ಸರಿಯಾಯ್ತಾ ಅಂದಿದ್ದಳು, ಅಷ್ಟೇ. ಅಣ್ಣ ಹೂಂ ಅಂದಿದ್ದ.

“ವಕೀಲರು ಯಾರ ಕಡೆ?”

“ನನ್ನ ಕಡೆ.”

ಡಾಕ್ಟರ್ ಪೆನ್ನು ಕೆಳಗಿಟ್ಟರು. “ಈ ಮೇಜಿನ ಕೆಳಗೆ ಒಂಟೆ ಮಲಗಿದೆ, ಅಲ್ವಾ?”

ಇದನ್ನು ಪುಟ್ಟಿ ಹೇಳಿಕೊಟ್ಟಿರಲಿಲ್ಲ. ಅಣ್ಣ ಅವಳ ಮುಖ ನೋಡಿದ.

“ಹೂಂ.”

ಪುಟ್ಟಿಗೆ ನಗು ಬಂತು. ಡಾಕ್ಟರ್ ನಗಲಿಲ್ಲ. “ಬಗ್ಗಿ ನೋಡಲೇ ಇಲ್ವಲ್ಲೋ ಮರಿ?”

“ಹೂಂ ಅಂದ್ರೆ ಬೈಯೋದು ನಿಲ್ಲುತ್ತೆ. ಬೇಗ ಬಿಡ್ತಾರೆ.”

“ನೀನು ಮಾಡದೇ ಇರೋದನ್ನ ಮಾಡಿದ್ದೀಯಾ ಅಂತ ನ್ಯಾಯಾಧೀಶರು ಕೇಳಿದ್ರೆ?”

“ಹೂಂ ಅಂತೀನಿ.”

ಅಮ್ಮ ಕಣ್ಣು ತೆರೆದಳು.

ಇದರಲ್ಲಿ ಪಾಸು ಫೇಲು ಇಲ್ಲ ಎಂದು ಡಾಕ್ಟರ್ ಪುಟ್ಟಿಗೆ ಹೇಳಿದರು. ಉರು ಹೊಡೆದ ಉತ್ತರ ನಂಬಿ ಎಲ್ಲ ಅರ್ಥವಾಗಿದೆ ಎಂದು ತಾವು ಕೋರ್ಟಿಗೆ ತಿಳಿಸಿದ್ದರೆ ವಿಚಾರಣೆ ಶುರುವಾಗುತ್ತಿತ್ತು, ಅಲ್ಲೂ ಇವನು ಹೂಂ ಅನ್ನುತ್ತಿದ್ದ. ಇವನಿನ್ನೂ ಸಿದ್ಧನಾಗಿಲ್ಲ, ಕಾಯಿರಿ ಎಂದು ಕೋರ್ಟಿಗೆ ಹೇಳುತ್ತೇನೆ, ಮತ್ತೆ ಮತ್ತೆ ಬರಬೇಕಾಗುತ್ತದೆ ಎಂದರು. ಅಮ್ಮ ತಲೆಯಾಡಿಸಿದಳು. ಕೆಲಸದಲ್ಲಿ ಮತ್ತೆ ರಜೆ ಕೇಳಬೇಕು.

ಬಸ್ ಸ್ಟಾಪಿನಲ್ಲಿ ಅಮ್ಮ, “ಹಸಿವಾ?” ಅಂದಳು. ಅಣ್ಣ ಹೂಂ ಅಂದ. ಅಮ್ಮ ಬನ್ನು ತರಲು ರಸ್ತೆ ದಾಟಿದಳು.

ಪುಟ್ಟಿ ಅವನ ಪಕ್ಕ ಕೂತಳು. “ಅಣ್ಣ, ನಿಜವಾಗ್ಲೂ ಹಸಿವಾ?”

“ಹೂಂ.”

ಬೇರೆ ದಿನವಾದರೆ ಅವಳು ಸರಿ ಅಂದುಬಿಡುತ್ತಿದ್ದಳು. ಈ ಸಲ ಸುಮ್ಮನೆ ಕಾದಳು. ಒಂದು ಬಸ್ಸು ಬಂತು, ಹೋಯಿತು. ಅಣ್ಣ ಅವಳ ಮುಖ ನೋಡಿದ. ಅವಳ ಮುಖದಲ್ಲಿ ಯಾವ ಉತ್ತರವೂ ಇರಲಿಲ್ಲ.

“ಇಲ್ಲ,” ಅಂದ ಕೊನೆಗೆ. “ಬೂಟು ಕಚ್ತಿದೆ. ಬೆಳಿಗ್ಗೆಯಿಂದ.”

ಪುಟ್ಟಿ ನೆಲದ ಮೇಲೆ ಕೂತು ಲೇಸು ಬಿಚ್ಚತೊಡಗಿದಳು.