ಶಾಲಾ ಬಸ್ಸಿನ ಮಸಿ

ಒದ್ದೆ ಹೊದಿಕೆಯನ್ನು ಹಿಂಡಿ ತಂತಿಯ ಮೇಲೆ ಹರವುತ್ತಿದ್ದೆ. ಹಿತ್ತಲಿನಾಚೆಯ ಶೆಡ್ಡಿನಿಂದ ಶಾಲೆಯ ಬಸ್ಸು ಗುರ್ರೆಂದು ಹೊರಟಿತು. ಬಿಳಿ ಹೊದಿಕೆಯ ತುಂಬ ಕರಿ ಚುಕ್ಕೆ.

ಮಸಿ!

ಕಳೆದ ವರ್ಷವೆಲ್ಲ ಹೀಗೆಯೇ ಇತ್ತು. ಆಮೇಲೆ ಶಾಲೆಯವರು ನಾಲ್ಕು ಪಾಲು ಡೀಸೆಲ್‌ಗೆ ಒಂದು ಪಾಲು ಬಯೋಡೀಸೆಲ್ ಬೆರೆಸತೊಡಗಿದರು. ಕರಿದು ಉಳಿದ ಅಡುಗೆ ಎಣ್ಣೆಯಿಂದ ತಯಾರಾದದ್ದು. ಹೊಗೆ ತಿಳಿಯಾಯಿತು, ಮಗಳು ರಾತ್ರಿ ಕೆಮ್ಮದೆ ಮಲಗುವಂತಾದಳು. ಆ ಬಸ್ಸಿಗೆ ನಾನು ಮನಸ್ಸಿನಲ್ಲೇ ಕೈಮುಗಿಯುತ್ತಿದ್ದೆ. ಈ ವಾರ ಮತ್ತೆ ಕೆಮ್ಮು. ಏಕೆ?

ಬಕೆಟ್ಟನ್ನು ಅಲ್ಲಿಯೇ ಬಿಟ್ಟು ಅಕ್ಕನಿಗೆ ಫೋನ್ ಮಾಡಿದೆ. ವಾಹನಗಳ ಹೊಗೆ ತಪಾಸಣೆಯೇ ಅವಳ ಉದ್ಯೋಗ.

ಬಸ್ಸು ಮರಳುವಷ್ಟರಲ್ಲಿ ಅಕ್ಕ ಯಂತ್ರದೊಂದಿಗೆ ಶೆಡ್ಡಿನಲ್ಲಿದ್ದಳು. ಶಾಲೆಗೆ ಕಳಿಸದ ಮಗಳು ನನ್ನ ಸೆರಗು ಹಿಡಿದು ನಿಂತಿದ್ದಳು. ಮುಖ್ಯೋಪಾಧ್ಯಾಯಿನಿ ಆಗಲೇ ಡ್ರೈವರ್ ಮೇಲೆ ಹರಿಹಾಯುತ್ತಿದ್ದರು.

"ಬಯೋಡೀಸೆಲ್ ಡ್ರಮ್ಮು ಖಾಲಿ ಆಗ್ತಿದೆ. ಬಸ್ಸು ಮಸಿ ಕಾರ್ತಿದೆ. ಪಕ್ಕದ ಮನೆ ಮಗು ಕೆಮ್ಮಿ ಕೆಮ್ಮಿ ಸಾಕಾಗಿದೆ. ಯಾರಿಗೆ ಮಾರಿದ್ರಿ? ಕಳ್ಳರನ್ನ ಇಟ್ಕೊಂಡು ನಾನು ಬಸ್ ಓಡಿಸಲ್ಲ. ಸಂಜೆ ಲೆಕ್ಕ ಮುಗಿಸಿ ಹೊರಡಿ."

ಹಿಂದೊಮ್ಮೆ ಮಗಳಿಗೆ ಉಸಿರು ಕಟ್ಟಿದಾಗ ಬಸ್ಸನ್ನೇ ಆಸ್ಪತ್ರೆಗೆ ತಿರುಗಿಸಿದವರು ಈ ಡ್ರೈವರ್. ಅವರು ಕದಿಯುವುದೇ? ನನಗಂತೂ ನಂಬಿಕೆಯಿಲ್ಲ. ಆದರೆ ನಂಬಿಕೆ ಸಾಕ್ಷಿಯಾಗುತ್ತದೆಯೇ?

ಅಕ್ಕ ಯಂತ್ರದ ಅಳತೆ ನೋಡಿದಳು. "ಇಷ್ಟು ಮಸಿ ಇದೆ ಅಂದ್ರೆ ಇದು ಬೆರಕೆ ಇಂಧನದ ಹೊಗೆ ಅಲ್ಲ, ಬರೀ ಡೀಸೆಲ್‌ದಿರ್ಬೇಕು," ಎಂದಳು. ಆಮೇಲೆ ಡ್ರೈವರ್ ಕಡೆ ತಿರುಗಿದಳು.

"ಅಣ್ಣಾ, ಈ ವಾರ ಹೊಗೆಗೆ ಎಣ್ಣೆ ಬಾಣಲೆ ಕಾದ ವಾಸನೆ ಇತ್ತಾ?"

"ಇಲ್ಲ— ನೀವು ಕೇಳಿದ ಮೇಲೆ ಹೊಳೀತು. ಇರ್ಲಿಲ್ಲ."

"ಟ್ಯಾಂಕು ತುಂಬಿಸೋರು ಯಾರು?"

"ಸಂಜೆ ನಾನು ಹೋದಮೇಲೆ ಮೆಕ್ಯಾನಿಕ್ ಮೇಸ್ತ್ರಿ ತುಂಬಿಸ್ತಾರೆ. ಡ್ರಮ್ಮಿನ ಬೀಗದ ಕೈ ಆ ಮೊಳೆಗೆ ನೇತುಹಾಕಿರ್ತೀನಿ."

"ಸರಿಹೋಯ್ತು. ಬೀಗ ಹಾಕಿದ್ದಾದ್ರೂ ಯಾಕೆ?"

ಅಕ್ಕ ಬಾಗಿಲಲ್ಲಿ ನಿಂತಿದ್ದ ಶೆಡ್ಡಿನ ಕಾವಲುಗಾರನತ್ತ ನೋಡಿದಳು.

"ನನ್ನನ್ನೇನು ನೋಡ್ತೀರಮ್ಮ?" ಎಂದ ಅವನು. "ನನ್ನ ಹತ್ರ ಇರೋದು ಸೈಕಲ್ಲು. ಡ್ರಮ್ಮುಗಟ್ಲೆ ಎಣ್ಣೆ ಹೊಯ್ದರೂ ನಾನೇ ತುಳೀಬೇಕು."

ಮೇಸ್ತ್ರಿ ಮೂಲೆಯ ಬೆಂಚಿನ ಬಳಿ ಕೆಂಪು ತಗಡಿನ ಟ್ರೇಯಲ್ಲಿ ನಟ್ಟು ಬೋಲ್ಟು ತೊಳೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಮೇಸ್ತ್ರಿ, ಗ್ಲೌಸು ಹಳೇದಾ?"

"ಹೋದ ವಾರ ತಂದದ್ದು."

"ಆಗಲೇ ಊದ್ಕೊಂಡು ಮೆತ್ತಗಾಗಿದೆಯಲ್ಲ?"

"ಅಗ್ಗದ ಮಾಲು."

"ಟ್ರೇನೂ ಅಗ್ಗದ್ದಾ?"

ಮೇಸ್ತ್ರಿಯ ಕೈ ನಿಂತಿತು. ಅಕ್ಕ ಟ್ರೇಯನ್ನು ಓರೆ ಮಾಡಿದಳು. ಅಂಚಿನಲ್ಲಿ ಕೆಂಪು ಬಣ್ಣ ಗಟ್ಟಿಯಾಗಿತ್ತು. ದ್ರವ ತಾಗಿದ ಕಡೆಯೆಲ್ಲ ಸುಕ್ಕಾಗಿ ಸುಲಿದು ಬರಿ ತಗಡು ಕಾಣುತ್ತಿತ್ತು.

"ಎಲ್ಲರೂ ಡ್ರಮ್ಮು ನೋಡಿದ್ರಿ, ಬೀಗ ನೋಡಿದ್ರಿ," ಎಂದಳು ಅಕ್ಕ. "ಈ ಟ್ರೇ ಯಾರೂ ನೋಡ್ಲಿಲ್ಲ. ವರ್ಷಗಟ್ಲೆ ಇದರಲ್ಲಿ ಡೀಸೆಲ್ ಹಾಕಿ ತೊಳೆದ್ರೂ ಬಣ್ಣ ಹೀಗೆ ಹೋಗಲ್ಲ. ಬಯೋಡೀಸೆಲ್ ಬಣ್ಣಾನೂ ಬಿಡಿಸುತ್ತೆ, ಇಂಥ ರಬ್ಬರನ್ನೂ ಊದಿಸುತ್ತೆ. ಡ್ರಮ್ಮಿಂದ ತೆಗೆದೋರು ಮೇಸ್ತ್ರಿ. ಮಿಕ್ಕಿದ್ದು ಎಲ್ಲಿದೆ, ಮೇಸ್ತ್ರಿ?"

ಅವರು ಬೆಂಚಿನ ಕೆಳಗಿನ ಗೋಣಿತಾಟು ಸರಿಸಿದರು. ಸಾಲಾಗಿ ಕ್ಯಾನುಗಳು.

"ಒಂದು ಹನಿ ಮಾರಿಲ್ಲಮ್ಮ. ಬದಲಿಗೆ ಹಾಕಿದ ಡೀಸೆಲ್ಲು ನನ್ನ ಕೈ ದುಡ್ಡಿಂದ್ಲೇ ತಂದದ್ದು. ಹೋದ ವಾರ ಬಸ್ಸು ಸೇತುವೆ ಮಧ್ಯ ನಿಂತುಬಿಡ್ತು. ಬಸ್ ತುಂಬ ಮಕ್ಕಳು. ಹಿಂದಿಂದ ಲಾರಿ. ಫಿಲ್ಟರ್ ಬಿಚ್ಚಿದ್ರೆ ಒಳಗೆಲ್ಲ ಕರೀ ಗಸಿ. ಈ ಹೊಸ ಎಣ್ಣೇನೇ ಎಂಜಿನ್‌ಗೆ ವಿಷ ಅಂದ್ಕೊಂಡೆ. ಹೇಳಿದ್ರೆ ಯಾರು ಕೇಳ್ತಾರೆ? ಡ್ರೈವರ್ ಮೇಲೆ ಬರುತ್ತೆ ಅಂತ ಹೊಳೀಲೇ ಇಲ್ಲ."

"ಗಸಿ ಹೊಸ ಎಣ್ಣೆದಲ್ಲ ಮೇಸ್ತ್ರಿ, ನಿಮ್ಮ ಹಳೇ ಟ್ಯಾಂಕಿಂದು. ಟ್ರೇಗೆ ಮಾಡಿದ್ದನ್ನೇ ಅದು ಟ್ಯಾಂಕಿಗೂ ಮಾಡ್ತು. ತಳದಲ್ಲಿ ಕೂತಿದ್ದ ಕೊಳೆ ತೊಳೆದು ಫಿಲ್ಟರಿಗೆ ತಂತು. ಟ್ಯಾಂಕು ತೊಳೆಸಿ, ಶುರುವಿನಲ್ಲಿ ಫಿಲ್ಟರ್ ಬೇಗ ಬೇಗ ಬದಲಾಯಿಸಿದ್ರೆ ಮುಗೀತಿತ್ತು."

"ಹಾಗಾದ್ರೆ ಬೆರಕೆಯಿಂದ ತೊಂದರೆನೇ ಇಲ್ವಾ?" ಮುಖ್ಯೋಪಾಧ್ಯಾಯಿನಿ ಕೇಳಿದರು.

"ಹಾಗೂ ಹೇಳಲ್ಲ ಮೇಡಂ. ಮಸಿ, ಕಾರ್ಬನ್ ಮಾನಾಕ್ಸೈಡು ಕಮ್ಮಿಯಾಗುತ್ತೆ. ಕೆಲವು ಎಂಜಿನ್‌ಗಳಲ್ಲಿ ಕಣ್ಣಿಗೆ ಕಾಣದ ನೈಟ್ರೋಜನ್ ಆಕ್ಸೈಡು ಒಂಚೂರು ಜಾಸ್ತಿ ಆಗ್ಬಹುದು. ಅದಕ್ಕೆ ಆಗಾಗ ಅಳೀತಾ ಇರ್ಬೇಕು. ನಾನೇ ಬರ್ತೀನಿ."

ಮುಖ್ಯೋಪಾಧ್ಯಾಯಿನಿ, "ನನ್ನ ನಾಲಿಗೆ ದುಡುಕಿತು. ಮನಸ್ಸಿಗೆ ಹಚ್ಕೋಬೇಡಿ, ನಾಳೆ ಬಸ್ ತೆಗೀರಿ," ಎಂದು ಡ್ರೈವರಿಗೆ ಹೇಳಿದರು. ಮೇಸ್ತ್ರಿ ಡ್ರೈವರ್ ಕೈ ಹಿಡಿದುಕೊಂಡರು. "ಸೇತುವೆ ಮೇಲೆ ನಾನೂ ಹೆದರಿದ್ದೆ ಮೇಸ್ತ್ರಿ," ಎಂದರು ಡ್ರೈವರ್. "ಇನ್ನೊಂದ್ಸಲ ಹೆದರೋದಿದ್ರೆ ನನಗೂ ಹೇಳಿ, ಇಬ್ರೂ ಸೇರಿ ಹೆದರೋಣ."

ಎಲ್ಲರೂ ನಕ್ಕರು. ಯಾರದೋ ಮಕ್ಕಳಿಗಾಗಿ ಕೈದುಡ್ಡಿನಿಂದ ಡೀಸೆಲ್ ಹಾಕಿದವರೊಬ್ಬರು, ಆಸ್ಪತ್ರೆಗೆ ಬಸ್ಸು ತಿರುಗಿಸಿದವರೊಬ್ಬರು, ಒಂದು ಫೋನಿಗೆ ಓಡಿಬಂದ ಅಕ್ಕ. ಯಾರಿಗೆಂದು ಕೃತಜ್ಞತೆ ಹೇಳಲಿ?

ಮಗಳು ಮಾತ್ರ ನಗಲಿಲ್ಲ. ಉಕ್ಕಿಬಂದ ಕೆಮ್ಮನ್ನು ತುಟಿ ಬಿಗಿದು ತಡೆದಳು. ಈ ವಾರವೆಲ್ಲ ಕೆಮ್ಮು ನನಗೆ ಕೇಳಿಸದಿರಲೆಂದು ದಿಂಬಿಗೆ ಬಾಯಿಯೊತ್ತಿ ಮಲಗುತ್ತಿದ್ದವಳು. ಸೆರಗು ಬಿಟ್ಟು ಹೋಗಿ ಡ್ರೈವರ್ ಅಂಗಿಯ ಚುಂಗು ಜಗ್ಗಿದಳು. ಅವರು ಮಂಡಿಯೂರಿ ಕಿವಿಗೊಟ್ಟರು. ಗುಟ್ಟು ಹೇಳುವ ದನಿಯಲ್ಲ, ಶೆಡ್ಡಿಗೆಲ್ಲ ಕೇಳಿಸಿತು—

"ಬಸ್ ಮಾಮ, ನಾನು ಕೆಮ್ಮಿದ್ದಕ್ಕೇ ತಾನೆ ನಿಮ್ಮನ್ನ ಕಳ್ಳ ಅಂದಿದ್ದು?"