ಒಂಬತ್ತನೆಯವರ ಸಂದರ್ಶನ

ಅವರ ಹೆಸರು ನನ್ನ ಕಾಗದಗಳಲ್ಲಿ ಎಲ್ಲೂ ಇಲ್ಲ. ಅಲ್ಲಿ ಅವರು ಬರೀ ‘ಒಂಬತ್ತು’.

ಮಹಿಳಾ ಅಧ್ಯಯನದ ಎಂ.ಎ.ಗೆ ನಾನು ಆರಿಸಿಕೊಂಡ ವಿಷಯ ಇದು: ಮ್ಯಾನೇಜ್‌ಮೆಂಟ್ ಓದುವವರು ಇಂಟರ್ನ್‌ಶಿಪ್‌ಗೆ ಹೋದಾಗ ಹುಡುಗರಿಗೆ ಯಾವ ಕೆಲಸ ಸಿಗುತ್ತದೆ, ಹುಡುಗಿಯರಿಗೆ ಯಾವುದು? ಅದಕ್ಕಾಗಿ ಒಂದು ಕಂಪನಿಯ ಮೀಟಿಂಗ್ ರೂಮಿನ ಮೂಲೆಯಲ್ಲಿ ಮೂರು ತಿಂಗಳು ಕುಳಿತು, ಹನ್ನೆರಡು ಇಂಟರ್ನ್‌ಗಳನ್ನು ನೋಡಿ, ಹೆಸರಿನ ಬದಲು ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ಬರೆದುಕೊಂಡೆ. ಕ್ಲೈಂಟ್ ಮುಂದೆ ಮಾತಾಡಲು ಹುಡುಗರು, ಮೀಟಿಂಗಿನ ನಡಾವಳಿ, ಅಂದರೆ ಮಿನಿಟ್ಸ್, ಬರೆಯಲು ಹುಡುಗಿಯರು. ಹೀಗೇ ಮಾಡಿ ಎಂದು ಯಾರೂ ಹೇಳಿರಲಿಲ್ಲ, ತಾನಾಗಿ ನಡೆಯುತ್ತಿತ್ತು.

ಎರಡನೇ ವಾರ, ಹುಡುಗರ ಸಾಲಿನಲ್ಲಿದ್ದ ಒಂಬತ್ತು, ಪಕ್ಕದ ಹುಡುಗಿಯ ಕೈಯಿಂದ ಮಿನಿಟ್ಸ್ ಪುಸ್ತಕ ತೆಗೆದುಕೊಂಡರು. ನನ್ನನ್ನು ಮೆಚ್ಚಿಸುವ ನಾಟಕ ಎಂದುಕೊಂಡು ಮೈ ಉರಿಯಿತು.

“ನಾನು ನೋಡ್ತಿದ್ದೀನಿ ಅಂತ ಇದೆಲ್ಲ ಮಾಡ್ಬೇಡಿ.”

“ಓಹೋ, ನೋಡ್ತಿದ್ದೀರಾ?” ಕಣ್ಣಲ್ಲೇ ನಕ್ಕರು. “ಇವತ್ತು ಅವರ ಪ್ರೆಸೆಂಟೇಷನ್ ಇದೆ. ಬರೀತಾ ಕೂತ್ರೆ ಮಾತಾಡೋದ್ಯಾವಾಗ?”

ನಾನು ನನ್ನ ಮೂಲೆಗೆ ಹಿಂತಿರುಗಿದೆ.

ಆಮೇಲೆ ಪುಸ್ತಕ ಅವರ ಕೈಯಲ್ಲೇ ಉಳಿಯಿತು. ಕಾಗೆ ಕಾಲು ಗುಬ್ಬಿ ಕಾಲು ಅಕ್ಷರ, ಅಂಗಿಯ ತೋಳಿಗೆಲ್ಲ ಇಂಕು. ತಲೆ ಎತ್ತಿದಾಗಲೆಲ್ಲ ಅವರ ನೋಟ ನನ್ನ ಮೂಲೆಗೆ ಬರುತ್ತಿತ್ತು, ನಾನು ಥಟ್ಟನೆ ಹಾಳೆ ಮಗುಚುತ್ತಿದ್ದೆ. ಉಳಿದ ಹನ್ನೊಂದು ಮಂದಿಯನ್ನು ಗಮನಿಸಲು ಹರಸಾಹಸ ಪಡಬೇಕಾಯಿತು.

“ಇಷ್ಟ ಅಂತ ಅವರಿಗೇ ಹೇಳಿಬಿಡೇ, ಅದಕ್ಕೇನು?” ಎಂದಳು ಅಕ್ಕ, ಕೊನೆಯ ವಾರ ನಾನು ಮನೆಯಲ್ಲಿ ಎಲ್ಲ ಹೇಳಿಕೊಂಡಾಗ.

“ಅಕ್ಕಾ, ಅಧ್ಯಯನ ಮುಗಿಯೋವರೆಗೂ ಅದರಲ್ಲಿ ಇರೋರ ಜೊತೆ ನನಗೆ ಏನೂ ಇರಬಾರದು, ಅವರು ಸೈನ್ ಹಾಕಿದ ಫಾರ್ಮಲ್ಲೂ ಅದೇ ಇದೆ. ಹೇಳಿದ್ರೆ ಅವರನ್ನ ಪಟ್ಟಿಯಿಂದ ತೆಗೀಬೇಕು. ಹನ್ನೆರಡು ಜನ ಇರಲೇಬೇಕು, ಹನ್ನೊಂದೇ ಆದ್ರೆ ನಮ್ಮ ಗೈಡ್ ಮೇಡಂ ಥೀಸಿಸ್‌ಗೆ ಸೈನ್ ಹಾಕಲ್ಲ. ವರ್ಷವೆಲ್ಲ ನೀರುಪಾಲು.”

“ಮುಗಿಸಿಯೇ ಹೇಳು ಮತ್ತೆ.”

“ಅದಕ್ಕೆ ಇನ್ನೂ ಐದು ತಿಂಗಳು. ಅವರು ಇಂಟರ್ನ್‌ಶಿಪ್ ಮುಗಿಸಿ ಸೋಮವಾರ ಬೇರೆ ಊರಿಗೆ ಹೋಗ್ತಾರೆ.”

ಅಕ್ಕ ನನ್ನ ತಲೆ ಸವರಿದಳು.

ಶುಕ್ರವಾರ ಅವರ ಸಂದರ್ಶನ. ರೆಕಾರ್ಡರ್ ಆನ್ ಮಾಡಿ, ಪ್ರಶ್ನಾವಳಿಯ ಪ್ರಶ್ನೆಗಳನ್ನು ಒಂದೊಂದಾಗಿ ಓದಿ ಕೊನೆಯದಕ್ಕೆ ಬಂದೆ.

“ಈ ಇಂಟರ್ನ್‌ಶಿಪ್‌ನಲ್ಲಿ ಹೇಳಬೇಕೆನಿಸಿಯೂ ಹೇಳಲಾಗದೆ ಉಳಿದದ್ದು ಏನಾದರೂ ಇದೆಯೇ?”

“ಇದೆ. ಬರ್ಕೊಳ್ತೀರಾ?”

“ಹೇಳಿದ್ದನ್ನೆಲ್ಲ ಬರೀಬೇಕು.”

“ಮೂಲೇಲಿ ಕೂತು ನಮ್ಮನ್ನ ನೋಡ್ತಿದ್ದವರನ್ನ ನಾನೂ ನೋಡ್ತಿದ್ದೆ. ಅವರನ್ನ ಬಿಟ್ಟು ಹೋಗೋಕೆ ಮನಸ್ಸೇ ಬರ್ತಿಲ್ಲ. ಅವರಿಗೂ ಹಾಗೇ ಅನ್ಸಿದೆಯಾ, ಗೊತ್ತಿಲ್ಲ.”

ಬರೆದುಕೊಂಡೆ. ಸಂದರ್ಶನದ ನಿಯಮ ಕಟ್ಟುನಿಟ್ಟು. ಉತ್ತರ ಕೇಳಿ ನಾನು ಹೂಂ ಅನ್ನುವಂತಿಲ್ಲ, ನಗುವಂತಿಲ್ಲ. ಪ್ರಶ್ನೆಗಳು ಮುಗಿದ ಮೇಲೆ ಒಂದೇ ಒಂದು ಮಾತಿಗೆ ಅನುಮತಿ.

“ಇನ್ನೇನಾದರೂ ಹೇಳುವುದಿದೆಯೇ?”

“ಇಲ್ಲ.” ಮುಖ ಸಪ್ಪಗಾಯಿತು. ಬ್ಯಾಗ್ ಎತ್ತಿಕೊಂಡರು.

“ಇನ್ನೇನಾದರೂ ಹೇಳುವುದಿದೆಯೇ?”

ಬಾಗಿಲ ಬಳಿ ನಿಂತರು.

“ಇನ್ನೇನಾದರೂ...”

ಅವರು ಹಿಂದಿರುಗಿ ಬಂದು ನಿಧಾನವಾಗಿ ಕುಳಿತರು. “ಈ ಪ್ರಶ್ನೇನ ಎಲ್ಲರಿಗೂ ಎಷ್ಟು ಸಲ ಕೇಳ್ತೀರಿ?”

“ಒಂದೇ ಸಲ.”

ಅವರು ರೆಕಾರ್ಡರನ್ನು ನೋಡಿದರು, ನನ್ನನ್ನು ನೋಡಿದರು. ಮುಖ ಅರಳಿತು.

“ಹಾಗಾದ್ರೆ ಇದನ್ನೂ ಬರ್ಕೊಳ್ಳಿ. ನಿಮ್ಮ ಥೀಸಿಸ್ ಮುಗಿಯೋವರೆಗೂ ಒಂಬತ್ತು ಕಾಯ್ತಾನೆ.”

ಬರೆದುಕೊಂಡೆ. ನಿಯಮದಂತೆ ಧನ್ಯವಾದ ಹೇಳಿ ರೆಕಾರ್ಡರ್ ಆಫ್ ಮಾಡಿದೆ. ಅವರು ಮೆಟ್ಟಿಲಿಳಿದು ಹೋಗುವ ಸದ್ದು ನಿಂತ ಮೇಲೆ, ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ.